ಪಶ್ಚಿಮವಾಹಿನಿ ಭೂತಕಥಾ ಮೀಮಾಂಸೆ

‘ವೆಸ್ಟರ್ನ್’ ಎಂಬ ಕಥಾಪ್ರಕಾರ ಅಮೆರಿಕದಲ್ಲಿ ಹುಟ್ಟಿತೆಂಬುದು ಇದುವರೆಗೆ ಯಾರೂ ತಿದ್ದದೆ ಬಿಟ್ಟ ಪ್ರಮಾದ. ಅದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ. ಇದನ್ನು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸಂಶೋಧನೆಯ ಖರ್ಚು: ಬೆಳಗಾವಿಯಿಂದ ಹೋಗಿಬರುವ ಬಸ್ ಟಿಕೆಟ್, ಮೂರು ಸಲ ಚಹಾ, ಕಾಲು ಕಿಲೋ ಕುಂದಾ. ಕುಂದಾ ಯಾಕೆಂದು ಆಡಿಟ್‌ನವರು ಕೇಳಬಾರದು.

ಶಾಸ್ತ್ರದ ಪದ್ಧತಿಯಂತೆ ಮೊದಲು ಪೂರ್ವಪಕ್ಷ. ಕಲೆನ್ ಬನ್ ಬರೆದು ಬ್ರಯಾನ್ ಹರ್ಟ್ ಚಿತ್ರಿಸಿದ ‘ದಿ ಸಿಕ್ಸ್ತ್ ಗನ್’ ಕಾಮಿಕ್ಸ್ ಸರಣಿ ಇದೆಯಲ್ಲ? ಕುದುರೆ, ಧೂಳು, ಸತ್ತರೂ ಸಾಯದ ಜನರಲ್ ಹ್ಯೂಮ್, ಮಾಟ ತುಂಬಿದ ಆರು ಪಿಸ್ತೂಲು, ಅದರಲ್ಲಿ ಆರನೆಯದು ತಿಳಿಯದೆ ಕೈಗೆ ಬಂದು ಪೇಚಿಗೆ ಸಿಕ್ಕ ಬೆಕಿ ಎಂಬ ಹುಡುಗಿ, ಇಷ್ಟೆಲ್ಲ ಅಲ್ಲೇ ಇರುವಾಗ ಖಾನಾಪುರದ ಮಾತೇಕೆ? ಆಕ್ಷೇಪ ಸರಿಯಾಗಿಯೇ ಇದೆ. ಆದರೆ ಆ ಸರಣಿ 2010ರಲ್ಲಿ ಶುರುವಾಗಿ 2016ರಲ್ಲಿ 50ನೇ ಸಂಚಿಕೆಗೆ ಮುಗಿದುಹೋಯಿತು. ಮುಗಿದದ್ದನ್ನು ರಹಸ್ಯ ಎಂದು ಕರೆಯುವುದು ಹೇಗೆ? ಅದೂ ಅಲ್ಲದೆ ಪಡುವಣದ ಚರ್ಚೆಯಲ್ಲಿ ‘ಪೂರ್ವ’ಪಕ್ಷಕ್ಕೆ ಮಾತಾಡುವ ಅಧಿಕಾರವೇ ಇಲ್ಲ.

ಈಗ ಸಿದ್ಧಾಂತ. ವೆಸ್ಟರ್ನ್ ಎಂದರೆ ಪಶ್ಚಿಮಕ್ಕೆ ಹರಿಯುವುದು. ಖಾನಾಪುರ ತಾಲೂಕಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ವಿಧೇಯ ಸೊಸೆಯಂತೆ ಪೂರ್ವಕ್ಕೆ ನಡೆದು, ನವಿಲುತೀರ್ಥದ ಅಣೆಕಟ್ಟಿಗೆ ನೀರು ಕೊಟ್ಟು, ಕೂಡಲಸಂಗಮದಲ್ಲಿ ಕೃಷ್ಣೆಯ ಮನೆ ಸೇರುತ್ತದೆ. ಭೀಮಗಡದ ಕಾಡಿನ ಮಹದಾಯಿ ಮಾತ್ರ ಪಶ್ಚಿಮಕ್ಕೆ ಮುಖ ಮಾಡಿ ಗೋವಾಕ್ಕಿಳಿದು, ಮಾಂಡವಿ ಎಂದು ಹೆಸರು ಬದಲಿಸಿಕೊಂಡು ಸಮುದ್ರ ಸೇರುತ್ತದೆ. ಗಡಿ ದಾಟಿ ಹೆಸರು ಬದಲಿಸುವುದು ವೆಸ್ಟರ್ನ್ ಕಥೆಯ ಫರಾರಿಗಳ ಖಾಸಾ ಲಕ್ಷಣವೆಂದು ಬಲ್ಲವರಿಗೆ ಹೇಳಬೇಕಿಲ್ಲ.

ಇನ್ನು ಕಥಾವಸ್ತು. ಮಹದಾಯಿಗೆ ಸೇರುವ ಕಳಸಾ ಮತ್ತು ಬಂಡೂರಿ ಎಂಬ ಎರಡು ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಹಾಗೂ ಸುತ್ತಲಿನ ಊರುಗಳಿಗೆ ಕುಡಿಸಬೇಕೆಂಬ ಯೋಜನೆ 1980ರ ದಶಕದ ಕೊನೆಗೇ ಕಾಗದದ ಮೇಲೆ ಬಂತು. ಕೇಳಿದ್ದು 7.56 ಟಿಎಂಸಿ. 2002ರಲ್ಲಿ ಕೇಂದ್ರದ ತಾತ್ವಿಕ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಅದಕ್ಕೆ ತಡೆಯೂ ಬಿತ್ತು. (ಒಂದೇ ಸಂಪುಟದಲ್ಲಿ ನಾಯಕನನ್ನು ಹುಟ್ಟಿಸಿ ಕೊಂದ ಕಥೆಗಾರ ಅಮೆರಿಕದಲ್ಲಿ ಯಾರಿದ್ದಾನೆ?) 2006ರಲ್ಲಿ ಕಣಕುಂಬಿಯಲ್ಲಿ ಅಗೆತ ಶುರು. 2010ರ ನವೆಂಬರ್‌ನಲ್ಲಿ, ಅಂದರೆ ಬೆಕಿಯ ಕೈಗೆ ಪಿಸ್ತೂಲು ಬಂದ ವರ್ಷವೇ, ಮಹದಾಯಿ ನ್ಯಾಯಮಂಡಳಿ ರಚನೆಯಾಯಿತು. ಇದು ಕಾಕತಾಳೀಯವೆನ್ನುವವರನ್ನು ಈ ಪ್ರಬಂಧ ಗಣನೆಗೆ ತೆಗೆದುಕೊಳ್ಳುವುದಿಲ್ಲ.

2015ರಲ್ಲಿ ನರಗುಂದದ ರೈತರು ಧರಣಿ ಕೂತರು. 2016ರ ಜುಲೈ 27ರಂದು, ಮಧ್ಯಂತರವಾಗಿ 7 ಟಿಎಂಸಿ ಕೊಡಿಸಿ ಎಂಬ ಅರ್ಜಿಯನ್ನು ಮಂಡಳಿ ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಕಾಮಿಕ್ಸ್‌ನವರು ಗಂಟುಮೂಟೆ ಕಟ್ಟಿ ಮನೆಗೆ ಹೋಗಿದ್ದರು. ನಮ್ಮ ಸರಣಿಯಲ್ಲಿ ಅದು ಇಂಟರ್ವಲ್. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಬಂತು, ಎಲ್ಲರೂ ಪೇಢೆ ಹಂಚಿದರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರೆ, ಕಳಸಾಕ್ಕೆ 1.72, ಬಂಡೂರಿಗೆ 2.18, ಉಳಿದದ್ದರಲ್ಲಿ ದೊಡ್ಡ ಪಾಲು ವಿದ್ಯುತ್ತಿಗೆ. ತೀರ್ಪು ಗೆಜೆಟ್ಟಿಗೆ ಏರಲು 2020ರ ಫೆಬ್ರುವರಿ ಬರಬೇಕಾಯಿತು. 2022ರ ಡಿಸೆಂಬರಿನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ. ಮರುವರ್ಷ ತೀರ್ಪಿನ ಜಾರಿಗೊಂದು ಪ್ರಾಧಿಕಾರ, ಹೆಸರು ‘ಪ್ರವಾಹ್’. ಕಣಕುಂಬಿಯ ಮಳೆಗಾಲವನ್ನು ಬಿಟ್ಟರೆ ಪ್ರವಾಹವೆಂಬುದು ಈ ಕಥೆಯಲ್ಲಿ ಕಾಣಿಸಿಕೊಂಡದ್ದು ಇದೊಂದೇ ಸಲ. ಮುಂದೆ ಒಪ್ಪಿಗೆ ಕೊಡಬೇಕಾದವರ ಸಾಲು: ಅರಣ್ಯ, ವನ್ಯಜೀವಿ, ಹುಲಿ. ವೆಸ್ಟರ್ನ್ ಕಥೆಗೆ ಹುಲಿ ತಂದ ಕೀರ್ತಿ ಖಾನಾಪುರದ್ದು.

ಅತಿಮಾನುಷ ಅಂಶ ಎಲ್ಲಿ ಎಂದು ಕೇಳುವಿರಿ. ಬೆಳಗಾವಿ ನಗರ ಕುಡಿಯುವ ನೀರು ಬರುವ ಒಂದು ಜಲಾಶಯದ ಹೆಸರೇ ರಕ್ಕಸಕೊಪ್ಪ. ಇದಕ್ಕಿಂತ ಪುರಾವೆ ಬೇಕೆ? ಆದರೂ ಹಟಮಾರಿಗಳಿಗಾಗಿ ಪಿಸ್ತೂಲುಗಳನ್ನೇ ಹೋಲಿಸೋಣ. ನಾಲ್ಕನೆಯ ಪಿಸ್ತೂಲು ತಾನು ಕೊಂದವರ ಆತ್ಮಗಳನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಈ ಕೆಲಸ ಚುನಾವಣೆಯದು, ಸತ್ತ ಫೈಲೂ ಆಗ ಎದ್ದು ಭಾಷಣ ಮಾಡುತ್ತದೆ. ಐದನೆಯದು ಎಂದೂ ಮುಪ್ಪು ಬಾರದಂತೆ ಕಾಯುತ್ತದೆ. ‘ಶೀಘ್ರದಲ್ಲೇ’ ಎಂಬ ಪದಕ್ಕೆ ಮೂವತ್ತು ವರ್ಷವಾದರೂ ಒಂದು ನರೆಗೂದಲಿಲ್ಲ. ಆರನೆಯದು ಭವಿಷ್ಯ ತೋರಿಸುತ್ತದೆ. ನಮ್ಮ ಶಂಕುಸ್ಥಾಪನೆಯ ಕಲ್ಲೂ ತೋರಿಸುವುದು ಅದನ್ನೇ, ಬೇರೇನನ್ನೂ ಅಲ್ಲ. ಪಿಸ್ತೂಲು ಒಡೆಯ ಸಾಯುವವರೆಗೂ ಅವನಿಗೇ ಕಟ್ಟುಬಿದ್ದಿರುತ್ತದೆ. ಈ ವಿಷಯದಲ್ಲಿ ಮಾತ್ರ ಅಮೆರಿಕದವರು ಮುಂದೆ: ನಮ್ಮಲ್ಲಿ ಫೈಲಿನ ಒಡೆಯನಿಗೆ ಅದಕ್ಕೆ ಮೊದಲೇ ವರ್ಗಾವಣೆಯಾಗಿರುತ್ತದೆ.

ಕ್ಷೇತ್ರಕಾರ್ಯದ ವಿವರವೊಂದು ಉಳಿಯಿತು. ಆಷಾಢದ ಒಂದು ಮಧ್ಯಾಹ್ನ ಕಣಕುಂಬಿಯ ಹತ್ತಿರ ಹಂಚಿನ ಮಾಡಿನ ಚಹಾದ ಅಂಗಡಿಯಲ್ಲಿ ಸಂಶೋಧಕನು ಮಳೆಗೆ ಸಿಕ್ಕಿಬಿದ್ದನು. ಹತ್ತಿರದಲ್ಲೇ ಮಲಪ್ರಭೆಯ ಉಗಮ, ಮಾವುಲಿ ದೇವಿಯ ಗುಡಿ. ಮಾಡಿನ ಎರಡೂ ಇಳಿಜಾರಿನಿಂದ ನೀರು ಧೋ ಎಂದು ಸುರಿಯುತ್ತಿತ್ತು, ಒಂದು ಹಂಚು ಸೋರುತ್ತಲೂ ಇತ್ತು. ಸಂಶೋಧಕನು ನೋಟ್‌ಬುಕ್ ತೆಗೆದು, ಈ ನೀರು ಯಾರಿಗೆ ಸೇರಿದ್ದೆಂದು ಅಂಗಡಿಯವರನ್ನು ವಿಚಾರಿಸಿದನು.

“ಆ ಕಡಿ ಬಿದ್ದದ್ದು ಗೋವಾಕ್ಕ ಹೋಗ್ತದ್ರಿ, ಈ ಕಡಿ ಬಿದ್ದದ್ದು ನವಿಲುತೀರ್ಥಕ್ಕ,” ಎಂದರು ಅವರು, ಲೋಟದ ಕಡೆ ನೋಡುತ್ತಾ. “ಚಹಾದಾಗ ಬಿದ್ದದ್ದು ನಿಮ್ದರೀ ಸರ. ಅದಕ್ಕ ರೊಕ್ಕಾ ತಗೊಳ್ಳೂದಿಲ್ಲ.”