ಸಂತೆನಿದ್ರಾ ಮೀಮಾಂಸೆ

ಮಂಗಳಾಚರಣೆ

ಆದಿಶೇಷನ ಮೇಲೆ ಒರಗಿಕೊಂಡೇ ಹದಿನಾಲ್ಕು ಲೋಕಗಳ ಆಡಳಿತ ನಡೆಸುತ್ತಿರುವ ಶ್ರೀರಂಗಪಟ್ಟಣದ ರಂಗನಾಥನಿಗೆ ಮೊದಲ ವಂದನೆ. ಆಷಾಢದ ಏಕಾದಶಿಗೆ ಕಣ್ಣು ಮುಚ್ಚಿದರೆ ಸ್ವಾಮಿ ಮತ್ತೆ ಏಳುವುದು ಕಾರ್ತಿಕದಲ್ಲಿ. ವರ್ಷಕ್ಕೆ ನಾಲ್ಕು ತಿಂಗಳು ಹೀಗೆ ಮಲಗಿದ್ದರೂ ಇದುವರೆಗೆ ಯಾರೂ ಮೆಮೋ ಕೊಟ್ಟಿಲ್ಲ. ಬದಲಿಗೆ, ಏಳುವ ದಿನ ನಾವೇ ತುಳಸಿ ಕಟ್ಟೆಗೆ ನೆಲ್ಲಿಕೊಂಬೆ ಸಿಕ್ಕಿಸಿ, ದೀಪ ಹಚ್ಚಿ ಹಬ್ಬ ಮಾಡುತ್ತೇವೆ. ಅದೇ ಒಬ್ಬ ಬಡ ಗುಮಾಸ್ತ ಮಧ್ಯಾಹ್ನ ಮೂರಕ್ಕೆ ಫೈಲಿನ ಮೇಲೆ ನಾಲ್ಕು ನಿಮಿಷ ಕಣ್ಣು ಮುಚ್ಚಲಿ, ಮೇಲಧಿಕಾರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ. ಈ ತಾರತಮ್ಯವೇ ಪ್ರಸ್ತುತ ಗ್ರಂಥ ಹುಟ್ಟಲು ಕಾರಣ.

ಒಂದನೆಯ ಪ್ರಕರಣ: ಪೂರ್ವಪಕ್ಷ

ಹಿಂದೆ ನಮ್ಮಲ್ಲಿ ಸುಸ್ತು ಇತ್ತು, ತಲೆಬಿಸಿ ಇತ್ತು, ಬೇಜಾರು ಇತ್ತು. ಈಗ ಆ ಮೂರೂ ಒಟ್ಟಾಗಿ ‘ಸ್ಟ್ರೆಸ್ಸು’ ಎಂಬ ಒಂದೇ ಹೆಸರಿನಲ್ಲಿ ಸಂಸಾರ ಹೂಡಿವೆ. ಇದಕ್ಕೆ ಶಾಸ್ತ್ರದ ಪದವಿ ಕೊಡಿಸಿದವನು ಹಾನ್ಸ್ ಸೆಲ್ಯೆ. ಮಾಂಟ್ರಿಯಲ್ ನಗರದಲ್ಲಿ ಕೂತು ಇಲಿಗಳನ್ನು ಚಳಿಗೆ ಒಡ್ಡಿ, ಓಡಿಸಿ, ಗಾಯಗೊಳಿಸಿ, ಕಾಟ ಯಾವುದಾದರೂ ಇಲಿಯ ಒಡಲು ನರಳುವ ಬಗೆ ಒಂದೇ ಎಂದು 1936ರಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದ. ಆ ಇಲಿಗಳಿಗೆ ಮನೆಸಾಲವಾಗಲಿ ಮಕ್ಕಳ ಶಾಲೆಯ ವಾಟ್ಸಾಪ್ ಗುಂಪಾಗಲಿ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಪರಿಹಾರಗಳಿಗೇನೂ ಬರವಿಲ್ಲ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಗೆ ನಿಂಬೆ ಹಿಂಡುವ ಪಂಥ, ಅಮೃತಬಳ್ಳಿ ಕಷಾಯದ ಪಂಥ, ಹಸಿರು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವ ಪಂಥ. ಇವರೆಲ್ಲರ ಮೇಲೆ ಬ್ರಾಹ್ಮೀ ಮುಹೂರ್ತದವರು. ಸೂರ್ಯೋದಯಕ್ಕೆ 96 ನಿಮಿಷ ಮೊದಲೇ ಎದ್ದು, ಎದ್ದ ಸಂಗತಿಯನ್ನು ಇಡೀ ದಿನ ಮಿಕ್ಕವರಿಗೆ ಹೇಳುತ್ತಾ ತಿರುಗುವುದು ಇವರ ಸಾಧನಾಕ್ರಮ. ಈ ಪಂಥಗಳ ಮೇಲೆ ಪ್ರಸ್ತುತ ಲೇಖಕನಿಗೆ ದ್ವೇಷವಿಲ್ಲ. ನಡಿಗೆ ಒಳ್ಳೆಯದು, ಬೆಳಗಿನ ಬಿಸಿಲು ಒಳ್ಳೆಯದು, ಉಸಿರನ್ನು ನಿಧಾನವಾಗಿ, ಉದ್ದವಾಗಿ ಬಿಟ್ಟರೆ ಎದೆಬಡಿತ ಇಳಿಯುತ್ತದೆ ಎಂಬುದೂ ನಿಜ. ಆದರೆ ಇವೆಲ್ಲಕ್ಕೂ ಎದ್ದು ಏನಾದರೂ ಮಾಡಬೇಕು. ಸುಸ್ತಾದವನಿಗೆ ಇನ್ನೊಂದು ಕೆಲಸ ಹೇಳುವುದು ಯಾವ ನ್ಯಾಯ?

ಎರಡನೆಯ ಪ್ರಕರಣ: ಸೂತ್ರ ಮತ್ತು ವ್ಯಾಕರಣ

ನಮ್ಮ ಹಿರಿಯರು ಈ ಶಾಸ್ತ್ರವನ್ನೆಲ್ಲ ಒಂದೇ ಸೂತ್ರದಲ್ಲಿ ಅಡಕ ಮಾಡಿಟ್ಟಿದ್ದಾರೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಇಲ್ಲಿ ಸಂತೆಯೇ ಯಾಕೆ? ಪ್ರಾಸಕ್ಕೆ, ಎಂದು ಒಂದು ಪಕ್ಷ. ಚಿಂತೆಗೆ ಕಚೇರಿ ಒಗ್ಗುವುದಿಲ್ಲ, ಛತ್ರ ಒಗ್ಗುವುದಿಲ್ಲ, ಬಸ್ಸಂತೂ ಆಗ ಇರಲೇ ಇಲ್ಲ. ಇರಬಹುದು. ಆದರೆ ಸೂತ್ರದ ಜೀವ ಇರುವುದು ‘ಸಂತೆಯಲ್ಲೂ’ ಎಂಬಲ್ಲಿ ಕಡೆಗೆ ಕೂತಿರುವ ಊಕಾರದಲ್ಲಿ. ಮನೆಯಲ್ಲಂತೂ ಸರಿಯೇ, ಹಾಳು ಸಂತೆಯಲ್ಲಿ ಕೂಡ ಎಂದು ಅದರ ಅರ್ಥ. ಅಂದರೆ ಸೂತ್ರಕಾರನು ನಿದ್ದೆಗೆ ಮನೆಯೇ ಪ್ರಶಸ್ತ ಜಾಗ ಎಂದು ಮೊದಲೇ ನಿರ್ಧರಿಸಿಬಿಟ್ಟಿದ್ದಾನೆ. ಚಿಂತೆ ಹೋದ ಮೇಲೆ ನಿದ್ದೆ ಎಂಬ ಕ್ರಮವನ್ನೂ ಅವನೇ ಕಟ್ಟಿದ್ದಾನೆ. ಈ ಎರಡೂ ತಪ್ಪು ಎಂದು ತೋರಿಸಿಕೊಡುವುದೇ ನಮ್ಮ ಸಿದ್ಧಾಂತ.

ಇನ್ನು ಪದವಿಚಾರ. ಮಂಪರು, ಜೋಂಪು, ತೂಕಡಿಕೆ, ಕೋಳಿನಿದ್ದೆ ಎಂದು ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮೆಟ್ಟಿಲುಗಳಿವೆ. ‘ತೂಕಡಿಕೆ’ ಪದವನ್ನು ತೂಕ ಮತ್ತು ಅಡಿಕೆ ಎಂದು ಬಿಡಿಸಿ, ಮಂಡಿಯಲ್ಲಿ ಅಡಿಕೆ ತೂಗುವ ತಕ್ಕಡಿಯ ತಟ್ಟೆಯ ಹಾಗೆ ತಲೆ ಮೇಲೆ ಕೆಳಗೆ ಆಡುವುದರಿಂದ ಈ ಹೆಸರು ಬಂತೆಂದು ಸಾಧಿಸುವ ಮಲೆನಾಡಿನ ಬಂಧುವೊಬ್ಬರು ನನಗಿದ್ದಾರೆ. ನಿಘಂಟು ತೋರಿಸಿದರೆ ಅವರು ಅಡಿಕೆ ಹಾಕಿಕೊಳ್ಳುತ್ತಾರೆ. ಈ ಮೆಟ್ಟಿಲುಗಳ ಯಾವ ಲೆಕ್ಕಕ್ಕೂ ಸೇರದ ಇನ್ನೊಂದಿದೆ: ‘ಸ್ವಲ್ಪ ಅಡ್ಡಾಗ್ತೀನಿ.’ ಇದು ನಿದ್ರೆಯ ಸ್ಥಿತಿಯೇ ಅಲ್ಲ, ಬರೀ ರೇಖಾಗಣಿತ. ಆದ್ದರಿಂದಲೇ ಅಡ್ಡಾದವರನ್ನು ಗೊರಕೆ ಸಮೇತ ಹಿಡಿದರೂ “ನಿದ್ದೆ ಎಲ್ಲಿ ಬಂತು, ಸುಮ್ನೆ ಕಣ್ಮುಚ್ಕೊಂಡಿದ್ದೆ” ಎಂದು ಪ್ರಮಾಣ ಮಾಡುತ್ತಾರೆ.

ಮೂರನೆಯ ಪ್ರಕರಣ: ಪ್ರಮಾಣಗಳು

ಮೊದಲು ಶಬ್ದಪ್ರಮಾಣ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಹಗಲುನಿದ್ದೆ ಬೇಸಿಗೆಯೊಂದನ್ನು ಬಿಟ್ಟು ಕೂಡದು ಎಂದಿದೆ. ಇಷ್ಟನ್ನೇ ಓದಿಕೊಂಡು ಅತ್ತೆಯಂದಿರು ಸೊಸೆಯಂದಿರನ್ನು ಎಬ್ಬಿಸುತ್ತಾ ಬಂದಿದ್ದಾರೆ. ಪಾಪ, ಮುಂದಿನದನ್ನು ಅವರು ಓದಿಲ್ಲ. ಹಾಡಿ ದಣಿದವರು, ಓದಿ ದಣಿದವರು, ಹೊರೆ ಹೊತ್ತವರು, ದಾರಿ ನಡೆದವರು, ಅಜೀರ್ಣದವರು, ಮಕ್ಕಳು, ಮುದುಕರು, ರಾತ್ರಿ ನಿದ್ದೆಗೆಟ್ಟವರು, ವಾಹನದಲ್ಲಿ ಕೂತು ಬಳಲಿದವರು, ಸಿಟ್ಟು, ದುಃಖ, ಭಯಗಳಿಂದ ಸೋತವರು, ಇವರೆಲ್ಲರಿಗೂ ಎಲ್ಲ ಋತುವಿನಲ್ಲೂ ವಿನಾಯಿತಿ ಉಂಟು. ಚರಕಮುನಿಗಳು ಸಿಲ್ಕ್ ಬೋರ್ಡ್ ಜಂಕ್ಷನ್ ಕಂಡವರಲ್ಲ. ಆದರೂ ‘ವಾಹನದಲ್ಲಿ ಬಳಲಿದವರು’ ಎಂಬ ಒಂದೇ ಮಾತಿನಿಂದ ಇಡೀ ಬೆಂಗಳೂರಿಗೆ ಹಗಲುನಿದ್ದೆ ಮಂಜೂರು ಮಾಡಿಟ್ಟು ಹೋಗಿದ್ದಾರೆ. ಮಿಕ್ಕವರು ಸಿಟ್ಟಿನ ಕೋಟಾದಲ್ಲಿ ಅರ್ಜಿ ಹಾಕಬಹುದು.

ಅದೇ ಅಧ್ಯಾಯದಲ್ಲಿ ಇನ್ನೂ ದೊಡ್ಡ ನಿಧಿಯೊಂದಿದೆ. ರಾತ್ರಿ ಎಚ್ಚರವಿದ್ದರೆ ದೇಹ ಒಣಗುತ್ತದೆ, ಹಗಲು ಮಲಗಿದರೆ ಜಿಡ್ಡುಗಟ್ಟುತ್ತದೆ. ‘ಆಸೀನ ಪ್ರಚಲಾಯಿತ’ ಇದೆಯಲ್ಲ, ಅಂದರೆ ಕೂತಲ್ಲೇ ತೂಗಾಡುತ್ತಾ ಮಾಡುವ ನಿದ್ದೆ, ಅದು ಒಣಗಿಸುವುದೂ ಇಲ್ಲ, ಜಿಡ್ಡು ಬರಿಸುವುದೂ ಇಲ್ಲ. ಸರ್ಕಾರಿ ಕುರ್ಚಿಗಳ ಬೆನ್ನಿಗೆ ಟವೆಲ್ ಹೊದೆಸುವ ಸಂಪ್ರದಾಯದ ಮೂಲ ಇಲ್ಲಿಯೇ ಇದ್ದೀತು.

ಪ್ರತ್ಯಕ್ಷ ಪ್ರಮಾಣಕ್ಕೆ ಬಂದರೆ, ಎದ್ದ ಗಳಿಗೆಯಿಂದ ನಮ್ಮ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಏರಿದಷ್ಟೂ ರೆಪ್ಪೆ ಭಾರ. ನಿದ್ದೆ ಅದನ್ನು ತೊಳೆದು ಹಾಕುತ್ತದೆ. ಕಾಫಿ ಏನು ಮಾಡುತ್ತದೆ? ತೊಳೆಯುವುದಿಲ್ಲ. ಊರಿಗೆ ಹೋಗುವ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಅಡಿನೊಸಿನ್ ಕೂರಬೇಕಾದ ಸೀಟಿಗೆ ತಾನು ಟವೆಲ್ ಹಾಕುತ್ತದೆ. ಅಡಿನೊಸಿನ್ ಇಳಿದು ಹೋಗಿರುವುದಿಲ್ಲ, ಕಂಬಿ ಹಿಡಿದು ನಿಂತೇ ಇರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಬೈಟು ರಾತ್ರಿ ಹನ್ನೊಂದಕ್ಕೂ ಅರ್ಧ ಸೀಟು ಬಿಟ್ಟುಕೊಟ್ಟಿರುವುದಿಲ್ಲ.

ಇಲ್ಲಿ ರಾಗಿಮುದ್ದೆಯ ಮೇಲಿನ ಒಂದು ಹಳೆಯ ಆರೋಪವನ್ನೂ ವಿಚಾರಿಸಬೇಕು. ಮಧ್ಯಾಹ್ನದ ಜೋಂಪಿಗೆ ಮುದ್ದೆ, ಬಸ್ಸಾರುಗಳೇ ಕಾರಣವೆಂದು ಲೋಕ ನಂಬಿದೆ. ದೇಹದ ಗಡಿಯಾರವೇ ಮಧ್ಯಾಹ್ನ ಒಂದರಿಂದ ಮೂರು ಗಂಟೆಯ ಸುಮಾರಿಗೆ ಒಮ್ಮೆ ತಗ್ಗಿಗೆ ಇಳಿಯುತ್ತದೆ. ಊಟ ಬಿಟ್ಟರೂ ಇಳಿಯುತ್ತದೆ. ಗಡದ್ದಾಗಿ ಉಂಡರೆ ತಗ್ಗು ಇನ್ನಷ್ಟು ಆಳವಾಗುತ್ತದೆ, ಅಷ್ಟೆ. ಮುದ್ದೆ ಈ ಮೊಕದ್ದಮೆಯಲ್ಲಿ ಎರಡನೆಯ ಆರೋಪಿಯೇ ಹೊರತು ಮೊದಲನೆಯದಲ್ಲ.

ಎಷ್ಟು ಹೊತ್ತು? ಅಮೆರಿಕದ ನಾಸಾ ಸಂಸ್ಥೆಯವರು ಪೆಸಿಫಿಕ್ ಸಾಗರ ದಾಟುವ ಉದ್ದನೆಯ ಹಾರಾಟಗಳಲ್ಲಿ ಪೈಲಟ್‌ಗಳಿಗೆ ಸರದಿಯ ಮೇಲೆ, ಪಕ್ಕದವರನ್ನು ಎಚ್ಚರವಿರಿಸಿ, ಸೀಟಿನಲ್ಲೇ 40 ನಿಮಿಷ ಬಿಡುವು ಕೊಟ್ಟು ನೋಡಿದರು. ಅವರು ಸರಾಸರಿ 26 ನಿಮಿಷ ನಿದ್ದೆ ತೆಗೆದರು, ಇಳಿಯುವ ಹೊತ್ತಿಗೆ ಚುರುಕಾಗಿದ್ದರು. ವರದಿ ಬಂದದ್ದು 1994ರಲ್ಲಿ. ನಮ್ಮ ಕಂಡಕ್ಟರ್‌ಗಳಿಗೆ ಇದು ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಅರ್ಧ ಗಂಟೆ ದಾಟಿದರೆ ಮಾತ್ರ ಗಾಢನಿದ್ದೆಗೆ ಜಾರಿ, ನಡುವೆ ಎದ್ದವನು ಯಾವ ಲೋಕಕ್ಕೂ ಸೇರದೆ ಉಳಿಯುತ್ತಾನೆ. ನನ್ನ ಸೋದರಮಾವ ಒಂದು ಭಾನುವಾರ ಬಿಸಿಬೇಳೆಬಾತ್ ಉಂಡು ಮಲಗಿ, ಸಂಜೆ ಆರಕ್ಕೆ ಎದ್ದು, ಬೆಳಗಾಯಿತೆಂದು ಹಲ್ಲುಜ್ಜಿ, ಚೀಲ ಹಿಡಿದು ಹಾಲಿನ ಬೂತಿಗೆ ಹೋಗಿ ನಿಂತಿದ್ದರು. ಪೇಪರಿನ ಹುಡುಗ ಯಾಕೆ ಬಂದಿಲ್ಲವೆಂದು ರೇಗಿದ್ದರು ಕೂಡ.

ಈ ಅಪಾಯ ಕೂತು ತೂಕಡಿಸುವವನಿಗೆ ಕಡಿಮೆ. ಕತ್ತಿನ ಬಿಗಿ ಸಡಿಲಿದ ಕೂಡಲೇ ತಲೆ ಧೊಪ್ಪನೆ ವಾಲಿ, ಪಕ್ಕದವರ ಹೆಗಲಿಗೆ ಬಡಿದು, ಎಚ್ಚರವಾಗುತ್ತದೆ. ಎಡಿಸನ್ ಕೈಯಲ್ಲಿ ಉಕ್ಕಿನ ಗುಂಡು ಹಿಡಿದು ಕುರ್ಚಿಯಲ್ಲಿ ಜೋಂಪಿಗೆ ಜಾರುತ್ತಿದ್ದ, ಗುಂಡು ಬಿದ್ದ ಸದ್ದಿಗೆ ಏಳುತ್ತಿದ್ದ ಎಂದು ಹೇಳುತ್ತಾರೆ. ನಮ್ಮವರು ಗುಂಡಿಗೆ ದುಡ್ಡು ಹಾಕಲಿಲ್ಲ, ತಲೆಯನ್ನೇ ಬಳಸಿದರು. (ಸ್ಟೀರಿಂಗ್ ಹಿಡಿದವರಿಗೆ ಈ ಗ್ರಂಥ ಅನ್ವಯಿಸದು. ಗಾಡಿ ಪಕ್ಕಕ್ಕೆ ಹಾಕಿ ಓದಿ. ರಾತ್ರಿ ನಿದ್ದೆ ಬಾರದೆ ಹೊರಳಾಡುವವರೂ ಹಗಲಿನಲ್ಲಿ ಇದನ್ನು ಮುಟ್ಟಬಾರದು.)

ನಾಲ್ಕನೆಯ ಪ್ರಕರಣ: ಪುರಾಣ ಮತ್ತು ಕರಾವಳಿ ಶಾಖೆ

ಕುಂಭಕರ್ಣನನ್ನು ಎಲ್ಲರೂ ಸೋಮಾರಿತನದ ಉದಾಹರಣೆಗೆ ಎಳೆಯುತ್ತಾರೆ. ಆರು ತಿಂಗಳ ನಿದ್ದೆಯಿಂದ ಭೇರಿ ಬಡಿದು ಎಬ್ಬಿಸಿದ ಮೇಲೆ ಅವನು ಅಣ್ಣನಿಗೆ ಹೇಳಿದ್ದೇನು? ನೀನು ಮಾಡಿದ್ದು ತಪ್ಪು ಎಂದು. ಲಂಕೆಯ ಆಸ್ಥಾನದಲ್ಲಿ ವರ್ಷಪೂರ್ತಿ ಎಚ್ಚರವಾಗಿದ್ದವರ ಪೈಕಿ ವಿಭೀಷಣನಂಥ ಒಂದಿಬ್ಬರನ್ನು ಬಿಟ್ಟರೆ ಆ ಮಾತಾಡುವ ತ್ರಾಣ ಯಾರಿಗಿತ್ತು? ನಿದ್ರಾಭಂಗದ ಶಿಕ್ಷೆಯನ್ನೂ ಪುರಾಣ ಹೇಳಿದೆ. ಗುಹೆಯಲ್ಲಿ ಮಲಗಿದ್ದ ಮುಚುಕುಂದನನ್ನು ಒದ್ದು ಎಬ್ಬಿಸಿದ ಕಾಲಯವನ ಅವನ ದೃಷ್ಟಿ ಬಿದ್ದ ಕೂಡಲೇ ಬೂದಿಯಾದ. ಮಧ್ಯಾಹ್ನ ಎರಡೂವರೆಗೆ ಕ್ರೆಡಿಟ್ ಕಾರ್ಡ್ ಬೇಕೇ ಎಂದು ಫೋನು ಮಾಡುವವರು ಈ ಪ್ರಸಂಗವನ್ನು ಒಮ್ಮೆ ಕೇಳಿಸಿಕೊಳ್ಳಬೇಕು.

ಕರಾವಳಿಯವರು ಈ ವಿದ್ಯೆಯನ್ನು ಇನ್ನೊಂದು ಮಟ್ಟಕ್ಕೆ ಒಯ್ದರು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೆ ಚಾಪೆ ಸಮೇತ ಬಂದು, ಚಂಡೆಯ ಪೆಟ್ಟಿಗೆ ಹತ್ತು ಮಾರು ದೂರದಲ್ಲಿ ಗೊರಕೆ ಹೊಡೆದು, ಬೇಕಾದ ವೇಷ ಬರುವ ಹೊತ್ತಿಗೆ ತಾನಾಗಿ ಕಣ್ಣು ಬಿಡುವವರು ಅಲ್ಲಿದ್ದಾರೆ. ದೇವೀಮಹಾತ್ಮೆಯಲ್ಲಿ ಮಹಿಷಾಸುರ ದೊಂದಿ ಹಿಡಿಸಿಕೊಂಡು, ಅಬ್ಬರಿಸುತ್ತಾ, ಪ್ರೇಕ್ಷಕರ ಹಿಂದಿನಿಂದಲೇ ನುಗ್ಗಿ ಬರುತ್ತಾನೆ. ಅವನಿಗೆ ದಾರಿ ಬಿಡಲು ಕಾಲು ಮಡಚಿ, ಅವನು ದಾಟಿದ ಮೇಲೆ ಕಾಲು ಚಾಚಿ, ನಿದ್ದೆ ಮುಂದುವರಿಸಿದವರನ್ನು ನಾನು ಕಂಡಿದ್ದೇನೆ. ಆ ಮಹನೀಯರಿಗೆ ಒತ್ತಡ ನಿರ್ವಹಣೆಯ ಶಿಬಿರ ಬೇಕೇ? ಕಾಲಮಿತಿ ಯಕ್ಷಗಾನ ಬಂದು ಆಟ ನಡುರಾತ್ರಿಗೇ ಮುಗಿಯತೊಡಗಿದ ಮೇಲೆ ಈ ಪರಂಪರೆ ಕ್ಷೀಣಿಸುತ್ತಿದೆ ಎಂಬುದು ದುಃಖದ ಸಂಗತಿ.

ಐದನೆಯ ಪ್ರಕರಣ: ಕ್ಷೇತ್ರಕಾರ್ಯ

ಸೂತ್ರ ಸಂತೆಯದಾದ್ದರಿಂದ ಪರೀಕ್ಷೆಯೂ ಸಂತೆಯಲ್ಲೇ ಆಗಬೇಕು. ನಮ್ಮೂರ ಸೋಮವಾರದ ಸಂತೆಗೆ ಮಧ್ಯಾಹ್ನ ಎರಡೂವರೆಗೆ ಹೋದೆ, ಒಂದು ಕೈಯಲ್ಲಿ ಟಿಪ್ಪಣಿ ಪುಸ್ತಕ, ಇನ್ನೊಂದರಲ್ಲಿ ಮನೆಯವಳು ಕೊಟ್ಟ ಚೀಲ. ಟಾರ್ಪಾಲಿನ ಕೆಳಗೆ ಒಣಮೀನು, ಮಂಡಕ್ಕಿ, ಹಸಿಶುಂಠಿಗಳ ವಾಸನೆ ಕಲಸಿಕೊಂಡು ನಿಂತಿತ್ತು. ಇಲಿ ಪಾಷಾಣ, ತಿಗಣೆ ಔಷಧಿ ಎಂದು ಒಂದು ಮೈಕು ಹೇಳಿದ್ದನ್ನೇ ಹೇಳುತ್ತಿತ್ತು.

ಮೈಕಿಗೆ ಎದುರಾಗಿ ಸೊಪ್ಪಿನ ಅಜ್ಜಿ. ಗೋಣಿತಾಟಿನ ಮೇಲೆ ಮಂಡಿ ಮಡಚಿ ಕೂತು, ಸೆರಗನ್ನು ತಲೆಯ ಮೇಲೆ ಹೊದ್ದು, ಗಲ್ಲವನ್ನು ಎಡ ಅಂಗೈಗೆ ಒಪ್ಪಿಸಿ, ಕಣ್ಣು ಮುಚ್ಚಿದ್ದಳು. ಬಲಗೈಯಲ್ಲಿ ಬೇವಿನ ಕಡ್ಡಿ. ಅದು ಮಾತ್ರ ಸೊಪ್ಪಿನ ಕಟ್ಟುಗಳ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಆಡುತ್ತಾ ನೊಣ ಓಡಿಸುತ್ತಿತ್ತು. ಒಂದು ಬಿಡಾಡಿ ದನ ಮೆಲ್ಲಗೆ ಬಂದು ದಂಟಿನ ಸೊಪ್ಪಿಗೆ ಮೂತಿ ಚಾಚಿತು. ರೆಪ್ಪೆ ಅಲುಗಲಿಲ್ಲ. ಕಡ್ಡಿ ಅದರ ಮೂಗಿನ ಮೇಲೆ ಚಟ್ಟನೆ ಬಿತ್ತು, ಮತ್ತೆ ನೊಣಗಳ ಕೆಲಸಕ್ಕೆ ವಾಪಸಾಯಿತು.

“ಅಜ್ಜಿ, ಕೊತ್ತಂಬರಿ ಹೆಂಗೆ?”

“ಕಟ್ಟು ಹತ್ತು. ಮೂರು ತಗಂಡ್ರೆ ಇಪ್ಪತ್ತೈದು.” ಕಣ್ಣು ಇನ್ನೂ ಮುಚ್ಚಿಯೇ ಇತ್ತು.

“ಮೂರು ಕೊಡಿ. ಏನಜ್ಜಿ, ಇಷ್ಟು ಗಲಾಟೇಲಿ ನಿದ್ದೆ! ಚಿಂತೆಗಿಂತೆ ಏನೂ ಇಲ್ಲ ಅನ್ನಿ.”

ಆಗ ಒಂದು ಕಣ್ಣು ತೆರೆಯಿತು. “ಚಿಂತೆ ಇಲ್ದೆ ಏನಪ್ಪ? ದೊಡ್ಡೋನು ಬೋರು ಕೊರ್ಸಿ ಸಾಲ ಮಾಡವ್ನೆ, ನೀರು ಬರ್ನಿಲ್ಲ. ಚಿಕ್ಕೋನು ಬೆಂಗ್ಳೂರಲ್ಲವ್ನೆ, ಫೋನು ಎತ್ತಾಕಿಲ್ಲ. ಮಂಡಿ ನೋವು ಬೇರೆ.”

“ಮತ್ತೆ ನಿದ್ದೆ ಹೆಂಗೆ ಬತ್ತದೆ?”

“ಮನೇಲಿ ಎಲ್ ಬತ್ತದೆ? ಅಲ್ಲಿ ಮಲ್ಕಂಡ್ರೆ ಒಂದೊಂದೇ ನೆಪ್ಪಾಯ್ತದೆ. ಇಲ್ಲಿ ಆ ಇಲಿ ಪಾಸಾಣದೋನು ಬಿಟ್ರೆ ಇನ್ನೇನ್ ಕೇಳ್ಸದು?”

ಕಣ್ಣು ಮುಚ್ಚಿಕೊಂಡಿತು. ಕೈ ತಾನಾಗಿ ಮೂರು ಕಟ್ಟು ಎತ್ತಿ ಚೀಲಕ್ಕೆ ಹಾಕಿ, ಮೂವತ್ತು ರೂಪಾಯಿ ಈಸಿಕೊಂಡು, ಮಂಡಿಯ ಅಡಿಯಿಂದ ಐದು ರೂಪಾಯಿ ಬಿಲ್ಲೆ ತೆಗೆದುಕೊಟ್ಟಿತು.

ನಾನು ಅಲ್ಲಿಯೇ ನಿಂತು ಸೂತ್ರವನ್ನು ಪರಿಷ್ಕರಿಸಿದೆ. ‘ಇಲ್ಲದವನಿಗೆ’ ಎಂಬುದು ಅಪಪಾಠ, ‘ಇರುವವನಿಗೆ’ ಎಂದಾಗಬೇಕು. ‘ಸಂತೆಯಲ್ಲೂ’ ಎಂಬಲ್ಲಿನ ಊಕಾರ ಹೋಗಿ ಏಕಾರ ಬರಬೇಕು: ಚಿಂತೆ ಇರುವವನಿಗೆ ಸಂತೆಯಲ್ಲೇ ನಿದ್ದೆ. ಪ್ರಾಸಕ್ಕೂ ಭಂಗವಿಲ್ಲ. ಇನ್ನು ಒಂದೇ ಬಾಕಿ, ಸ್ವಾನುಭವ. ಪಕ್ಕದಲ್ಲಿ ಈರುಳ್ಳಿಯ ಮೂಟೆಯೊಂದಿತ್ತು. ಅದಕ್ಕೆ ಒರಗಿ ಕೂತು ಗಡಿಯಾರ ನೋಡಿ ‘2.50’ ಎಂದು ಬರೆದುಕೊಂಡೆ. ಸೊನ್ನೆಯ ಬಾಲ ಪುಟದ ಅಂಚಿನವರೆಗೂ ಜಾರಿದೆ. ಮುಂದಿನ ನಮೂದು 3.15, ಅದು ಮಾತ್ರ ಅಚ್ಚುಕಟ್ಟಾಗಿದೆ.

ಮನೆಗೆ ಬರುವಾಗ ಮೈ ಹಗುರಾಗಿತ್ತು, ನಡಿಗೆ ಬಿರುಸಾಗಿತ್ತು. ಮನೆಯವಳು ಚೀಲ ಬಿಚ್ಚಿ, ಒಂದು ಕಟ್ಟು ತೆಗೆದು ಮೂಸಿ, ಇನ್ನೊಂದು ತೆಗೆದು ಮೂಸಿ, ನನ್ನ ಮುಖ ನೋಡಿದಳು.

“ಕೊತ್ತಂಬರಿ ತನ್ನಿ ಅಂದ್ರೆ ಮೂರು ಕಟ್ಟು ಸಬ್ಬಸಿಗೆ ತಂದಿದ್ದೀರಲ್ಲ. ಸಂತೇಲಿ ನಿದ್ದೆ ಮಾಡ್ತಿದ್ರಾ?”

“ಕ್ಷೇತ್ರಕಾರ್ಯ” ಎಂದೆ.