ಇನ್ನೊಂದು ಕಡೆಯ ಪಂಡಿತರು

ಗುರುಗ್ರಾಮದ ಸೈಬರ್ ಸಿಟಿಯಲ್ಲಿ ಯಾವ ಲಿಫ್ಟ್ ಹತ್ತಿದರೂ ಇವರೊಬ್ಬರು ಸಿಗುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಕಿವಿಯಲ್ಲಿ ಬ್ಲೂಟೂತ್, ಬಾಯಲ್ಲಿ ಕ್ಯಾಲಿಫೋರ್ನಿಯ. ‘ಯಾವೂರು ಸಾರ್?’ ಎಂದು ಕನ್ನಡದಲ್ಲಿ ಕೇಳಿಬಿಟ್ಟಿರೋ, ಕ್ಯಾಲಿಫೋರ್ನಿಯ ಕಳಚಿಬಿದ್ದು, ‘ಅರಸೀಕೆರೆ ಹತ್ರ. ತಾವು?’ ಎನ್ನುತ್ತಾರೆ.

ಹುದ್ದೆ ವೈಸ್ ಪ್ರೆಸಿಡೆಂಟ್. ಇಲ್ಲಿನ ಕಂಪನಿಗಳಲ್ಲಿರುವ ವೈಸ್ ಪ್ರೆಸಿಡೆಂಟರ ದಂಡು ನೋಡಿದರೆ ಪ್ರೆಸಿಡೆಂಟರ ಮೇಲೆ ಕನಿಕರ ಹುಟ್ಟುತ್ತದೆ.

ಸಾಹೇಬರು ಅಮೆರಿಕ ಕಂಡದ್ದು ವೈ2ಕೆ ಪುಣ್ಯದಿಂದ. 2000ನೇ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳು ಅದನ್ನು 1900 ಎಂದು ತಿಳಿದು ಲೋಕವೇ ನಿಂತುಹೋದೀತೆಂಬ ಭಯ. ಎರಡಂಕಿಯ ಇಸವಿಗಳನ್ನು ಸರಿಪಡಿಸಲು ನಮ್ಮ ಹುಡುಗರನ್ನು ಎಚ್-1ಬಿ ವೀಸಾ ಕೊಟ್ಟು ಕರೆಸಿಕೊಂಡರು. ಲೋಕ ನಿಲ್ಲಲಿಲ್ಲ; ಇವರು ಅಲ್ಲೇ ನಿಂತರು.

ಅಲ್ಲಿ ಮೀಟಿಂಗಿನಲ್ಲಿ ಇಂಡಿಯಾ ಮಾತು ಬಂದರೆ ಎಲ್ಲರೂ ಇವರ ಮುಖ ನೋಡುವರು. ಮುಂಗಾರಾಗಲಿ, ಚುನಾವಣೆಯಾಗಲಿ, ನೋಯ್ಡಾ ಆಫೀಸಿನ ಜಗಳವಾಗಲಿ. ಅರಸೀಕೆರೆಯವರಿಗೆ ನೋಯ್ಡಾ ಗೊತ್ತಿರುವಷ್ಟೇ ಇವರಿಗೂ ಗೊತ್ತು. ಆದರೂ ‘ಇಟ್ಸ್ ಕಾಂಪ್ಲಿಕೇಟೆಡ್’ ಎಂದು ನಿಟ್ಟುಸಿರಿಟ್ಟರೆ ಸಾಕು, ಬಡ್ತಿ. ಕೊನೆಗೆ ಇಂಡಿಯಾ ಬಲ್ಲವರೆಂದು ಇಲ್ಲಿಗೇ ಸಾಗಹಾಕಿದರು. ಇಲ್ಲಿಗೆ ಬಂದದ್ದೇ ಇವರು ಅಮೆರಿಕ ಬಲ್ಲವರಾದರು! ಯಾರೇನು ಕೇಳಿದರೂ ‘ಹೆಡ್ ಆಫೀಸ್ ಒಪ್ಪಲ್ಲ’. ಎಲ್ಲಿದ್ದರೂ ಇನ್ನೊಂದು ಕಡೆಯ ಪಂಡಿತರಾಗಿರುವುದು. ನನಗಂತೂ ಹೊಟ್ಟೆಕಿಚ್ಚು ತರಿಸುವ ಕಸುಬು.

ಇದಕ್ಕೆ ಗುರುಗ್ರಾಮಕ್ಕಿಂತ ತಕ್ಕ ಊರಿಲ್ಲ. 1997ರಲ್ಲಿ ಜಿಇ ಇಲ್ಲಿ ತನ್ನ ಬ್ಯಾಕ್ ಆಫೀಸ್ ತೆರೆಯಿತು, ಅದೇ ಮುಂದೆ ಜೆನ್‌ಪ್ಯಾಕ್ಟ್ ಆಯಿತು. ಅಂದಿನಿಂದ ಅರ್ಧ ಊರು ಅಮೆರಿಕದ ಗಡಿಯಾರ ನೋಡಿ ಮಲಗುತ್ತದೆ. ರಾತ್ರಿ ಹತ್ತೂವರೆಗೆ ಸಾಹೇಬರ ಕಾಲ್ ಶುರು. ನಡುನಡುವೆ ಮ್ಯೂಟ್ ಒತ್ತಿ, ‘ಹಾಲಿಗೆ ಹೆಪ್ಪು ಹಾಕಿದ್ಯಾ?’ ಎಂದು ಒಳಗೆ ಕೂಗುತ್ತಾರೆ. ಇಲ್ಲಿನ ಡಿಸೆಂಬರ್ ಚಳಿಗೆ ಮೊಸರು ಕೂರುವುದಿಲ್ಲ. ಪಾತ್ರೆಗೆ ಹಳೇ ಶಾಲು ಸುತ್ತಿ, ಕಂಪನಿ ಕೊಟ್ಟ ವೈಫೈ ರೂಟರಿನ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಗಡ್ಡೆ ಮೊಸರು. ಇದನ್ನು ಕಂಡುಹಿಡಿದವರು ಸಾಹೇಬರೇ. ವೈ2ಕೆ ಆದಮೇಲೆ ಅವರು ಸ್ವಂತ ಕೈಯಿಂದ ಮಾಡಿದ ತಾಂತ್ರಿಕ ಕೆಲಸ ಇದೊಂದೇ ಎಂದು ಮನೆಯವರ ಅಂಬೋಣ.

ಪಾಸ್‌ಪೋರ್ಟು ಅಮೆರಿಕದ್ದು, ಜೊತೆಗೊಂದು ಒಸಿಐ ಕಾರ್ಡು. ಅದರಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ‘ರಿಟೈರ್ ಆದ್ಮೇಲೆ ಊರಲ್ಲಿ ತೋಟ ತಗೋತೀನಿ’ ಎಂಬ ಮಾತಿಗೆ ಮಾತ್ರ ಯಾವ ಕಾಯಿದೆಯೂ ಅಡ್ಡಬಂದಿಲ್ಲ. ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಯಾವ ಕಾರ್ಯಕ್ರಮಕ್ಕೆ ಹೋದರೂ, ತೆಂಗಿನ ಸಸಿ ಎಷ್ಟಡಿಗೊಂದು ನೆಡಬೇಕೆಂದು ಪಕ್ಕದ ಕುರ್ಚಿಯವರನ್ನು ವಿಚಾರಿಸುತ್ತಾರೆ. ಆ ಕುರ್ಚಿಯವರೂ ಬಹುಪಾಲು ವೈಸ್ ಪ್ರೆಸಿಡೆಂಟರೇ.

ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅಮೆರಿಕವನ್ನು ಯಾರೂ ಕೇಳುವುದಿಲ್ಲ. ಅದು ಹಳತಾಯಿತು, ಎದುರು ಮನೆಯ ಹುಡುಗಿಯೂ ಅಲ್ಲೇ ಇದ್ದಾಳೆ. ಈಗ ಇವರು ದಿಲ್ಲಿ ಬಲ್ಲವರು. ಮನೆಯಿರುವುದು ಹರಿಯಾಣದಲ್ಲಿ ಎಂದರೆ ಕೇಳುವವರಾರು? ಜಗಲಿಯಲ್ಲಿ ಕೂತವರು, ‘ಏನಣ್ಣ, ಮುಂದಿನ ಸಲ ಸರ್ಕಾರ ಯಾರದು? ನೀವು ಅಲ್ಲೇ ಇರೋರು’ ಎನ್ನುತ್ತಾರೆ. ಸಾಹೇಬರು ಕನ್ನಡಕ ತೆಗೆದು ಒರೆಸಿ, ನಿಟ್ಟುಸಿರಿಟ್ಟು, ‘ಬಹಳ ಕಾಂಪ್ಲಿಕೇಟೆಡ್ ಕಣಪ್ಪ’ ಎಂದರು.

‘ಅಂದ್ರೆ ನಿಂಗೂ ಗೊತ್ತಿಲ್ಲ ಅನ್ನು’ ಎಂದರು, ಒಳಗೆ ಕಾಯಿ ತುರಿಯುತ್ತಿದ್ದ ಚಿಕ್ಕಮ್ಮ.