28 ಪೌಂಡಿನ ಗಾಂಡೀವ

ನನ್ನ ಬಿಲ್ಲಿನ ಒಳಮೈಯಲ್ಲಿ, ಹಿಡಿಗಿಂತ ತುಸು ಮೇಲೆ, ‘45 ಪೌಂಡ್, 28 ಅಂಗುಲ’ ಎಂದು ಶಾಯಿಯಲ್ಲಿ ಬರೆದಿದೆ. ಮನೆಗೆ ಬಂದವರಿಗೆ ಬಿಲ್ಲು ತೋರಿಸುವಾಗ ನನ್ನ ಹೆಬ್ಬೆರಳು ಆ ಅಂಕಿಯ ಪಕ್ಕಕ್ಕೇ ಹೋಗಿ ಕೂರುತ್ತದೆ. ಅದೇನು ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ನಾನೇ ಹೇಳಬೇಕಾಗುತ್ತದೆ. “ಒಂದೊಂದು ಬಾಣಕ್ಕೂ ಇಪ್ಪತ್ತು ಕಿಲೋ ಎಳೆದ ಹಾಗೆ ಲೆಕ್ಕ.” ಒಳಗಿನಿಂದ ನನ್ನ ಹೆಂಡತಿ, “ಮೊನ್ನೆ ಹತ್ತು ಕಿಲೋ ಅಕ್ಕಿ ಒಳಗಿಡೋಕೆ ಪಕ್ಕದ್ಮನೆ ಹುಡುಗನ್ನ ಕರೆದ್ರಿ” ಎನ್ನುತ್ತಾಳೆ. ಬಂದವರು ಕಾಫಿ ಲೋಟದೊಳಗೆ ನಗುತ್ತಾರೆ.

ಅವಳಿಗೂ ಗೊತ್ತಿಲ್ಲದ ಗುಟ್ಟು ಬೇರೆ ಇದೆ. ಆ 45 ಎನ್ನುವುದು ಹೆದೆಯನ್ನು 28 ಅಂಗುಲದವರೆಗೆ ಸೆಳೆದರೆ ಮಾತ್ರ. ನನ್ನ ಗಿಡ್ಡ ತೋಳಿಗೆ ಎಟುಕುವುದು 26. ಪ್ರಯಾಣಕ್ಕೆ ಹೊರಟಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಗೆ ಹೆದೆ ಸಿಕ್ಕಿಸಿ ಒಂದು ದಿನ ಕದ್ದು ಅಳೆದೆ: 38. ಅಂದರೆ ಹದಿನೆಂಟು ವರ್ಷದಿಂದ ನಾನು ಏಳು ಪೌಂಡು ಸುಳ್ಳು ಹೇಳುತ್ತಿದ್ದೇನೆ.

ಅರವತ್ತೆರಡು ತುಂಬಿದ ಮೇಲೆ ಆ 38ಕ್ಕೂ ಬಲಭುಜ ತಕರಾರು ತೆಗೆಯಿತು. ಡಾಕ್ಟರು ತೋಳನ್ನು ಮೇಲೆತ್ತಿಸಿ, ತಿರುಗಿಸಿ, “ಏನು ಕೆಲಸ ಮಾಡ್ತಿದ್ರಿ?” ಎಂದರು. ಬ್ಯಾಂಕು ಎಂದೆ. ಬ್ಯಾಂಕಿನವರಿಗೆ ಬರುವ ನೋವಲ್ಲವಲ್ಲ ಎಂದು ಅನುಮಾನಿಸಿದರು. ಬಿಲ್ಲುವಿದ್ಯೆಯ ವಿಷಯ ಒಪ್ಪಿಕೊಂಡೆ. ಕನ್ನಡಕ ತೆಗೆದು, “ಬಿಟ್ಟುಬಿಡಿ” ಎಂದರು. ಬಿಡುವುದನ್ನೇ ಅಲ್ಲವೇ ಸ್ವಾಮಿ ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು!

ಮನೆಗೆ ಬಂದು ಇತಿಹಾಸದ ಮೊರೆಹೊಕ್ಕೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಬಿಗಿ ನೂರು ಪೌಂಡಿಗೂ ಮೇಲೆ. ಅಲ್ಲಿ ಸಿಕ್ಕ ಹಲವು ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯ ತುದಿ ಕೂಡಿಕೊಳ್ಳದೆ ಬೇರೆಯಾಗಿಯೇ ಉಳಿದಿದೆ. ಇವರು ಎಳೆಯ ವಯಸ್ಸಿನಿಂದ ಬಿಲ್ಲೆಳೆದವರಿರಬೇಕು ಎಂದು ವಿದ್ವಾಂಸರ ಊಹೆ. ಇಂಥ ಪರಂಪರೆಯ ಭುಜ ನನ್ನದು ಎಂದು ಹೆಂಡತಿಗೆ ಓದಿ ಹೇಳಿದೆ. “ಅವರು ಮುಳುಗಿ ಸತ್ತೋರಲ್ವಾ?” ಎಂದಳು.

ಇನ್ನು ಆ ಭಾನುವಾರದ ಸಂಗತಿ. ಬೆಳಿಗ್ಗೆ ಎಂಟು ಗಂಟೆ. ಪಂಚೆ, ಬನಿಯನ್ನು. ನಡುಮನೆಯ ಬೀರುವಿನ ಕನ್ನಡಿಯಲ್ಲಿ ನನ್ನ ನಿಲುವು ನೋಡಿಕೊಳ್ಳೋಣವೆಂದು ಬಾಣವಿಲ್ಲದೆ ಬಿಲ್ಲು ಎತ್ತಿ ಸೆಳೆದೆ. ಹೆದೆ ತುಟಿಯ ಮೂಲೆಗೆ ಬಂತು. ಭುಜದೊಳಗೆ ಏನೋ ‘ಕಟ್’ ಎಂದಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಬಾಣವಿಲ್ಲದ ಹೆದೆಯನ್ನು ಎಂದೂ ಬಿಡಬಾರದು. ಬಾಣ ಹೊತ್ತುಕೊಂಡು ಹೋಗಬೇಕಾದ ಶಕ್ತಿಯೆಲ್ಲ ತಿರುಗಿ ಬಿಲ್ಲಿನ ಮೈಮೇಲೇ ಬಿದ್ದು, ಪದರ ಬಿಟ್ಟು ಸೀಳಿದರೂ ಸೀಳಿತು. ಮೆಲ್ಲಗೆ ಇಳಿಸಬೇಕು. ಇಳಿಸುವುದಕ್ಕೂ ಎಳೆಯುವಷ್ಟೇ ಕಸುವು ಬೇಕು. ಬಿಟ್ಟರೆ ಬಿಲ್ಲು ಹೋಯಿತು, ಹಿಡಿದರೆ ಭುಜ ಹೋಯಿತು. ಕನ್ನಡಿಯಲ್ಲಿ ಬನಿಯನ್ನು ತೊಟ್ಟ ಶ್ರೀರಾಮಚಂದ್ರನೊಬ್ಬ ಕಣ್ಣರಳಿಸಿ ನಡುಗುತ್ತಿದ್ದ.

ಅಷ್ಟರಲ್ಲಿ ಕಿಟಕಿಯಾಚೆ, “ಸೊಪ್ಪೂ... ದಂಟು, ಮೆಂತ್ಯ, ಸಬ್ಬಸಿಗೇ...” ಸೊಪ್ಪಿನಾಕೆ ಒಳಗೆ ಇಣುಕಿ, ತನ್ನತ್ತಲೇ ನೆಟ್ಟ ಬಿಲ್ಲು ನೋಡಿ, ಬುಟ್ಟಿ ಕೆಳಗಿಟ್ಟು, “ಅಮ್ಮಾ, ಯಜಮಾನ್ರಿಗೆ ಏನೋ ಆಗದೆ” ಎಂದು ಕೂಗಿದಳು. ಹೆಂಡತಿ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಬಂದಳು.

“ಏನ್ರೀ ಇದು?”

“ಬಿಡೋಕಾಗ್ತಿಲ್ಲ.”

“ಹಾಗಾದ್ರೆ ಬಿಡಬೇಡಿ.”

“ಹಿಡಿಯೋಕೂ ಆಗ್ತಿಲ್ಲ ಕಣೇ!”

ಅವಳು ಹಿಟ್ಟಿನ ಕೈಯನ್ನು ನನ್ನ ಬೆರಳುಗಳ ಮೇಲಿಟ್ಟು ಹೆದೆಯನ್ನೂ ಸೇರಿಸಿ ಬಿಗಿಯಾಗಿ ಹಿಡಿದಳು. ಹಿಡಿದುಕೊಂಡೇ ಕಿಟಕಿಯತ್ತ ತಿರುಗಿ, “ಮೆಂತ್ಯ ಹೆಂಗೆ?” ಎಂದಳು. ಮೂವತ್ತು ಎಂದಳಾಕೆ. “ಮೂವತ್ತಾ? ಮೊನ್ನೆ ಇಪ್ಪತ್ತಕ್ಕೆ ಕೊಟ್ಟಿದ್ಯಲ್ಲ!” ಹೆದೆ ಎರಡಂಗುಲ ಇಳಿಯಿತು. ಮಳೆ ಅಂದಳು, ಬಸ್ ಚಾರ್ಜು ಅಂದಳು. ಅಲ್ಲಿಯವರೆಗೂ ನಾನು ಇದ್ದಲ್ಲೇ ಇದ್ದೆ. ಇಪ್ಪತ್ತೆಂಟಕ್ಕೆ ಬಂದಾಗ ಇನ್ನೆರಡಂಗುಲ. ರೇಟು ಇಳಿದಂತೆ ನಾನೂ ಇಳಿದೆ. ಕೊನೆಗೆ ಇಪ್ಪತ್ತೈದಕ್ಕೆ ಇತ್ಯರ್ಥವಾದಾಗ ಹೆದೆ ತನ್ನ ಜಾಗ ಸೇರಿತ್ತು. ಕರಿಬೇವು ಕೊಸರಿಗೆ ಬಂತು. “ಆ ಬಿಲ್ಲು ಬದಲಾಯಿಸಿ, ಇಲ್ಲಾ ಹೆಂಡತೀನ ಬದಲಾಯಿಸಿ” ಎಂದು ಒಳಗೆ ಹೋದಳು. ಬಿಲ್ಲೇ ಅಗ್ಗ ಅನ್ನಿಸಿತು.

ಬೆಂಗಳೂರಿನ ಅಂಗಡಿಯ ಹುಡುಗ ತೋರಿಸಿದ್ದು ಚಕ್ರ, ಕೇಬಲ್ಲು ಹೊತ್ತ ಕಾಂಪೌಂಡ್ ಬಿಲ್ಲು. “ಅಂಕಲ್, ಪೂರ್ತಿ ಎಳೆದಾದ್ಮೇಲೆ ಕೈಗೆ ಕಾಲು ಭಾಗ ಭಾರಾನೂ ಇರಲ್ಲ.” ಅವನು ಹೇಳಿದ್ದು ನಿಜವೇ. ಆದರೆ ರಾಟೆ ಇರಬೇಕಾದದ್ದು ಬಾವಿಗೆ, ಬಿಲ್ಲಿಗಲ್ಲ. ಬೇಡವೆಂದಾಗ ಅವನು ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದ. ಈ ಮಧ್ಯದಲ್ಲೇನೂ ಇಲ್ಲವೇನಯ್ಯಾ? ಕೂದಲು ನರೆತ ಗಿರಾಕಿಗೆ ಒಂದೋ ಯಂತ್ರ, ಇಲ್ಲವೇ ಆಟಿಕೆ. ಚಪ್ಪಲಿ ಅಂಗಡಿಯಲ್ಲೂ ಇದೇ ಕಥೆ.

ಕೊನೆಗೆ ಮೂಲೆಯಲ್ಲೊಂದು ಲಾಂಗ್‌ಬೋ ಸಿಕ್ಕಿತು. 68 ಅಂಗುಲ, ನನಗಿಂತ ಎತ್ತರ. ಬಿಗಿ 28 ಪೌಂಡ್. ತಕ್ಕಡಿ ಚೀಲದಲ್ಲೇ ಇತ್ತು. ಹುಡುಗ ಹಲ್ಲುಕಿರಿದರೂ ಅಳೆದೆ. ನನ್ನ ಹಳೆಯ ಬಿಲ್ಲು, ತುದಿ ಹೊರಬಾಗಿದ ರಿಕರ್ವ್, 58 ಅಂಗುಲದ್ದು. ಗಿಡ್ಡ ಬಿಲ್ಲನ್ನು ಸೆಳೆಯುತ್ತ ಹೋದಂತೆ ಹೆದೆಗೂ ಬಿಲ್ಲಿನ ತುದಿಗೂ ನಡುವಿನ ಕೋನ ಅಗಲವಾಗುತ್ತದೆ, ಭಾರ ಒಮ್ಮೆಲೇ ಏರುತ್ತದೆ. ಮೊದಲು ಅಂಗುಲಕ್ಕೆ ಎರಡೂವರೆ ಪೌಂಡು ಕೇಳುತ್ತಿದ್ದದ್ದು ಕೊನೆಯ ಅಂಗುಲಕ್ಕೆ ಮೂರೂವರೆ ಕೇಳುತ್ತಿತ್ತು. ಈ ಉದ್ದನೆಯದು ಮೊದಲಿಂದ ಕೊನೆಯವರೆಗೂ ಅಂಗುಲಕ್ಕೆ ಒಂದೂವರೆ ಅಷ್ಟೆ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂತು. ನನ್ನ ತೋಳಿಗೆ ಬರುವ ಭಾರ 25. ಮೆಂತ್ಯದ ರೇಟೇ.

ತಂದ ಮೇಲೆ ತಾಪತ್ರಯ ಇಲ್ಲದಿಲ್ಲ. ಹಳೆಯ ಗಡುಸು ಬಾಣಗಳು ಈ ಸೌಮ್ಯ ಬಿಲ್ಲಿಗೆ ಒಗ್ಗದೆ ಎಲ್ಲವೂ ಎಡಪಂಥ ಹಿಡಿದವು; ಮೆದು ಕಡ್ಡಿಯವನ್ನು ಕೊಳ್ಳಬೇಕಾಯಿತು. ಗುರಿಯ ಹಲಗೆಯನ್ನು 30 ಮೀಟರಿನಿಂದ 18ಕ್ಕೆ ತಂದೆ. ಬಾಣ ಈಗ ಗುಬ್ಬಿಯ ಹಾಗೆ ಎದ್ದು, ಒಂದು ಕ್ಷಣ ಯೋಚಿಸಿ, ಇಳಿದು ಕೂರುತ್ತದೆ.

ಒಂದು ರಾತ್ರಿ, ಮುಪ್ಪಿನಲ್ಲಿ ಅರ್ಜುನ ಏನು ಮಾಡಿದನೋ ನೋಡೋಣವೆಂದು ಮಹಾಭಾರತದ ಮೌಸಲ ಪರ್ವ ತೆಗೆದೆ. ಹುಡುಗನಾಗಿದ್ದಾಗ ಕೇಳಿದ ಹರಿಕಥೆಗಳಲ್ಲಿ ಯಾರೂ ಇದನ್ನು ಹೇಳಲಿಲ್ಲ. ಕೃಷ್ಣ ಇಲ್ಲ. ದ್ವಾರಕೆಯ ಹೆಂಗಸರನ್ನೂ ಮಕ್ಕಳನ್ನೂ ಕರೆತರುವ ದಾರಿಯಲ್ಲಿ ದರೋಡೆಕೋರರು ಎರಗುತ್ತಾರೆ. ಅರ್ಜುನ ಗಾಂಡೀವಕ್ಕೆ ಹೆದೆಯೇರಿಸಲು ತಿಣುಕುತ್ತಾನೆ. ಹೇಗೋ ಏರಿಸಿದರೆ ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಬಾಣಗಳು ಮುಗಿದು, ಕೊನೆಗೆ ಬಿಲ್ಲಿನ ತುದಿಯಿಂದಲೇ ಹೊಡೆಯುತ್ತಾನೆ. ಅವನ ಕಣ್ಣೆದುರೇ ಹೆಂಗಸರನ್ನು ಎಳೆದೊಯ್ಯುತ್ತಾರೆ. ಓದಿ ದೀಪ ಆರಿಸಿದೆ. ಬಹಳ ಹೊತ್ತು ನಿದ್ದೆ ಬರಲಿಲ್ಲ. ಭುಜದ ನೋವಿಗಲ್ಲ.

ಗಾಂಡೀವವಾದರೂ ವರುಣನಿಂದ ತಂದದ್ದು. ಕೊನೆಗೆ ಅಗ್ನಿಯೇ ಎದುರು ನಿಂತು ಹಿಂದಿರುಗಿಸು ಎಂದಾಗ ಅರ್ಜುನ ಅದನ್ನು ನೀರಿಗೆ ಹಾಕಿದ. ನನ್ನದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಂಗಡಿಯವನೂ ಒಪ್ಪುತ್ತಿಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ: 58 ಅಂಗುಲದ, 45 ಪೌಂಡಿನ, ಬಲಗೈಯವರ ರಿಕರ್ವ್ ಬಿಲ್ಲೊಂದು ಮಾರಾಟಕ್ಕಿದೆ. ಗಡುಸು ಬಾಣಗಳು ಹನ್ನೊಂದು ಉಚಿತ. ಎಳೆದು ತೋರಿಸಿ ಎಂದು ಮಾತ್ರ ಕೇಳಬೇಡಿ.